ಲಾವಂಚದ ತಟ್ಟಿಯೂ ನೀರು ಹೊತ್ತವರೂ



ಯುಗಾದಿ ಕಳೆದು ವೈಶಾಖವು ಕಾಲಿಡುತ್ತಲೇ ನಮ್ಮ ಸೀಮೆಯ ಊರೂರುಗಳಲ್ಲಿ ಚಪ್ಪರಗಳು ಏಳುವುದನ್ನು ನೀವೆಲ್ಲರೂ ಬಲ್ಲಿರಿ. ಜಾತ್ರೆ, ಜಯಂತಿ, ಲಗ್ನ, ಪುರಾಣ ಎಲ್ಲವೂ ಬೇಸಗೆಯ ನೆತ್ತಿಯಲ್ಲಿಯೇ ಬಂದು ಕೂಡುತ್ತವೆ; ಸುಗ್ಗಿ ಮುಗಿದು ಮಳೆ ಬೀಳುವ ಮುನ್ನಿನ ಬಿಡುವು ಒಕ್ಕಲು ಮಕ್ಕಳಿಗೆ ಅದೊಂದೇ. ಹಿಂದೆ ತೆಂಗಿನ ಗರಿ, ಬೇವಿನ ತಪ್ಪಲು, ಜೋಳದ ಕಣಿಕೆಗಳಿಂದ ಹಾಕುತ್ತಿದ್ದ ಹಂದರದ ಸ್ಥಾನವನ್ನು ಇಂದು ತಗಡು ಮತ್ತು ಶಾಮಿಯಾನಗಳು ಆಕ್ರಮಿಸಿವೆ. ಗರಿಯ ಚಪ್ಪರದಲ್ಲಿ ಗಾಳಿಯಾಡುತ್ತಿತ್ತು. ತಗಡಿನ ಚಪ್ಪರ ಹಂಚಿನಂತೆ ಕಾಯುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮಠದ ಜಾತ್ರೆಯಲ್ಲಿ ಪ್ರಸಾದದ ಚಪ್ಪರವನ್ನು ತಂಪುಗೊಳಿಸಬೇಕೆಂದು ಉತ್ಸಾಹಿಗಳು ಒಂದು ಏರ್ಪಾಟು ಮಾಡಿದರು. ನಾಲ್ಕೂ ದಿಕ್ಕಿಗೆ ಗೋಣಿತಟ್ಟುಗಳನ್ನು ನೆಲಮುಟ್ಟ ಇಳಿಬಿಟ್ಟು, ಅವುಗಳನ್ನು ನೀರಿನಿಂದ ತೋಯಿಸಿ, ಸಾಲದುದಕ್ಕೆ ಒಳಗಿನ ನೆಲಕ್ಕೂ ಕೊಳವೆಯಿಂದ ನೀರು ಹೊಡೆದರು. ಮೊದಲ ಅರ್ಧ ಗಂಟೆ ಎಲ್ಲರೂ ಸಂತೋಷಪಟ್ಟರು. ಪಂಕ್ತಿ ತುಂಬಿತು, ಅನ್ನದ ಹಬೆ ಎದ್ದಿತು. ಎರಡನೆಯ ಪಂಕ್ತಿ ಕುಳಿತಿದ್ದಾಗ ವಯಸ್ಸಾದ ತಾಯಿಯೊಬ್ಬರು ಎಲೆಯ ಮುಂದೆಯೇ ಮೂರ್ಛೆಹೋದರು. ಯಾರೋ ಜಾಣರು ಗೋಣಿತಟ್ಟುಗಳನ್ನು ಕಿತ್ತೆಸೆದರು. ಬಿಸಿಗಾಳಿಯೇ ಆದರೂ ಗಾಳಿ ಒಳಗೆ ನುಗ್ಗಿತು. ಆ ತಾಯಿ ಕಣ್ಣು ತೆರೆದರು. ಆ ಏರ್ಪಾಟಿಗೆ ಒಪ್ಪಿಗೆ ಕೊಟ್ಟವರು ನಾವೇ ಆದುದರಿಂದ ಆ ದೋಷವನ್ನು ಬೇರೆ ಯಾರ ಮೇಲೂ ಹೊರಿಸುವಂತಿರಲಿಲ್ಲ.

ನೀರು ಚೆಲ್ಲಿದರೆ ತಂಪಾಗುವುದೆಂಬುದು ಮಗುವಿಗೂ ಗೊತ್ತು. ಹಾಗಿದ್ದರೆ ನಮ್ಮ ಚಪ್ಪರವೇಕೆ ಬೇಯುವ ಪಾತ್ರೆಯಾಯಿತು? ಆ ರಾತ್ರಿ ನಮಗೆ ಧಾರವಾಡದಲ್ಲಿ ಇತಿಹಾಸದ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಓದಿದ್ದ ಕೆಲವು ಪುಟಗಳು ನೆನಪಾದವು. ನೆತ್ತಿ ಸುಡುವ ಬಿಸಿಲಿನಲ್ಲಿ ಬಟ್ಟೆಯ ಡೇರೆಯೊಳಗೆ ಚಳಿಗಾಲವನ್ನು ತಂದುಕೊಂಡವರ ಕಥೆ ಅದು. ಅದನ್ನು ಮತ್ತೆ ಓದಿದಾಗ ನಮ್ಮ ತಪ್ಪು ಎಲ್ಲಿತ್ತೆಂಬುದು ತಿಳಿದುದಲ್ಲದೆ, ಮೊದಲ ಓದಿನಲ್ಲಿ ನಮ್ಮ ಕಣ್ಣಿಗೆ ಬೀಳದಿದ್ದ ಕೆಲವು ಜನರೂ ಕಂಡರು. ಅವರ ವಿಷಯವನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಥೆ ಆರಂಭವಾಗುವುದು ಒಂದು ಹುಲ್ಲಿನ ಬೇರಿನಿಂದ. ನಾವು ಲಾವಂಚವೆಂದು ಕರೆಯುವ ಈ ಹುಲ್ಲಿಗೆ ಸಂಸ್ಕೃತದಲ್ಲಿ ಉಶೀರವೆಂದು ಹೆಸರು, ತಮಿಳರಿಗೆ ಅದು ವೆಟ್ಟಿವೇರು, ಉತ್ತರದವರಿಗೆ ಖಸ್. ಹಳ್ಳದ ದಂಡೆಗಳಲ್ಲಿ, ತೇವದ ನೆಲದಲ್ಲಿ ಆಳೆತ್ತರ ಬೆಳೆಯುವ ಇದರ ಸೊಬಗಿರುವುದು ನೆಲದ ಮೇಲಲ್ಲ, ಕೆಳಗೆ. ಬೇರುಗಳು ಅಡ್ಡಡ್ಡ ಹರಡದೆ ನೇರವಾಗಿ ಆಳಕ್ಕಿಳಿಯುತ್ತವೆ. ನೂಲಿನಂತೆ ತೆಳ್ಳಗಿದ್ದು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅವುಗಳಲ್ಲಿರುವ ಎಣ್ಣೆಯ ಅಂಶದಿಂದಾಗಿ ತೋಯ್ದಾಗ ಮೊದಲ ಮಳೆಯ ಮಣ್ಣಿನ ವಾಸನೆಯನ್ನು ನೆನಪಿಗೆ ತರುವ ಪರಿಮಳ ಏಳುತ್ತದೆ. ಕಾಳಿದಾಸನ ಶಾಕುಂತಲದ ಮೂರನೆಯ ಅಂಕದ ಆದಿಯಲ್ಲಿ ತಾಪದಿಂದ ಬಳಲಿದ ಶಕುಂತಲೆಗಾಗಿ ಸಖಿಯು ಒಯ್ಯುವುದು ಉಶೀರದ ಲೇಪನವನ್ನೇ. ಹೀಗೆ ಈ ಬೇರು ತಂಪಿನ ವಸ್ತುವೆಂಬ ತಿಳಿವಳಿಕೆ ನಮ್ಮ ದೇಶದಲ್ಲಿ ಒಂದೂವರೆ ಸಾವಿರ ವರ್ಷಗಳಷ್ಟಾದರೂ ಹಳೆಯದು.

ಆದರೆ ಬೇರನ್ನು ಅರೆದು ಮೈಗೆ ಹಚ್ಚುವುದು ಬೇರೆ, ಅದರಿಂದ ಗೋಡೆಯನ್ನೇ ಕಟ್ಟುವುದು ಬೇರೆ. ಈ ಎರಡನೆಯದರ ಸ್ಪಷ್ಟವಾದ ವರ್ಣನೆ ನಮಗೆ ದೊರೆಯುವುದು ಅಬುಲ್ ಫಜಲನು ಹದಿನಾರನೆಯ ಶತಮಾನದ ಕೊನೆಯ ದಶಕದಲ್ಲಿ ಪೂರೈಸಿದ 'ಐನ್-ಇ-ಅಕ್ಬರಿ'ಯಲ್ಲಿ. ಬಿದಿರಿನ ಚೌಕಟ್ಟುಗಳಿಗೆ ಖಸ್ ಬೇರನ್ನು ತುಂಬಿ ಮನೆಯಂತೆ ನಿಲ್ಲಿಸಿ ಹೊರಗಿನಿಂದ ನೀರು ಚಿಮುಕಿಸಿದರೆ ನಡುಬೇಸಗೆಯಲ್ಲಿ ಚಳಿಗಾಲ ಹುಟ್ಟಿದಂತಾಗುವುದೆಂದು ಆತ ಹೇಳುತ್ತಾನೆ. ಇದು ರೂಢಿಗೆ ಬಂದುದು ಅಕ್ಬರ್ ಬಾದಶಹನ ಆಜ್ಞೆಯಿಂದ ಎನ್ನುತ್ತಾನೆ. ಆಸ್ಥಾನದ ಬರೆಹಗಾರರು ಒಳ್ಳೆಯದೆಲ್ಲವನ್ನೂ ದೊರೆಯ ಬುದ್ಧಿಗೆ ಸಮರ್ಪಿಸುವುದು ವಾಡಿಕೆ. ಬಿದಿರನ್ನು ಸೀಳಬಲ್ಲ, ಬೇರನ್ನು ಹೆಣೆಯಬಲ್ಲ ಕೈ ದೊರೆಯದಾಗಿರಲಿಲ್ಲ ಎಂಬುದನ್ನು ನಾವು ಮರೆಯಬೇಕಾಗಿಲ್ಲ. ಏನೇ ಆಗಲಿ, ಈ ಮನೆಗೆ ಖಸ್‌ಖಾನಾ ಎಂಬ ಹೆಸರು ನಿಂತಿತು.

ಇಲ್ಲಿ ಮೊಗಲರ ಡೇರೆಗಳೆಂದರೆ ಎಂಥವು ಎಂಬುದನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ಇಂದಿನ ವಾಚಕರಿಗೆ ಡೇರೆಯೆಂದರೆ ಸರ್ಕಸ್ಸಿನದೋ ಸಂತೆಯದೋ ನೆನಪಾಗುತ್ತದೆ. ಅಕ್ಬರನ ಕಾಲದಿಂದ ಔರಂಗಜೇಬನವರೆಗೆ ಬಾದಶಹರು ಆಳ್ವಿಕೆಯ ದೊಡ್ಡ ಭಾಗವನ್ನು ಕಳೆದುದು ಕಲ್ಲಿನ ಅರಮನೆಗಳಲ್ಲಲ್ಲ, ಬಟ್ಟೆಯ ಅರಮನೆಗಳಲ್ಲಿ. ದೊಡ್ಡ ಬಾರ್ಗಾಹ್ ಒಂದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತಿದ್ದರೆಂದೂ ಅದನ್ನೆಬ್ಬಿಸಲು ಸಾವಿರ ಮಂದಿಗೆ ಒಂದು ವಾರ ಬೇಕಾಗುತ್ತಿತ್ತೆಂದೂ ಐನ್ ಹೇಳುತ್ತದೆ. ಒಂದು ಪಾಳೆಯವನ್ನು ಸಾಗಿಸಲು 100 ಆನೆ, 500 ಒಂಟೆ, 400 ಗಾಡಿ, 100 ಹೊರೆಯಾಳುಗಳು. ಔರಂಗಜೇಬನು 1664ರ ಡಿಸೆಂಬರಿನಲ್ಲಿ ದಿಲ್ಲಿಯಿಂದ ಕಾಶ್ಮೀರದ ಕಡೆಗೆ ಹೊರಟಾಗ ಎರಡು ಜೊತೆ ಡೇರೆಗಳಿದ್ದವು. ಬಾದಶಹನು ಒಂದರಲ್ಲಿ ತಂಗಿರುವಾಗ ಇನ್ನೊಂದು ಒಂದು ದಿನ ಮುಂದೆ ಹೋಗಿ ನಿಲ್ಲುತ್ತಿತ್ತು.

ನಮ್ಮ ನಾಡಿಗೂ ಈ ಬಟ್ಟೆಯ ಪಟ್ಟಣ ಅಪರಿಚಿತವಲ್ಲ. ಔರಂಗಜೇಬನು ತನ್ನ ಕೊನೆಯ ಇಪ್ಪತ್ತೈದು ವರ್ಷಗಳನ್ನು ದಕ್ಷಿಣದಲ್ಲಿಯೇ ಕಳೆದನು. ಇಂದಿನ ಬಾಗಲಕೋಟೆ ಜಿಲ್ಲೆಯ ಕೃಷ್ಣಾ ತೀರದ ಗಲಗಲಿಯಲ್ಲಿ ಬೀಡುಬಿಟ್ಟಿದ್ದ ಅವನನ್ನು 1695ರ ಮಾರ್ಚ್ ತಿಂಗಳಲ್ಲಿ ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿ ಕಂಡನು. ಆ ಪಾಳೆಯದ ಸುತ್ತಳತೆ 30 ಮೈಲಿಯೆಂದು ಅವನಿಗೆ ಯಾರೋ ಹೇಳಿದರಂತೆ. ಗಲಗಲಿಯ ಬೇಸಗೆ ಎಂಥದೆಂದು ಆ ಭಾಗದ ಭಕ್ತರಿಗೆ ನಾವು ಹೇಳಬೇಕಾಗಿಲ್ಲ.

ಅಕ್ಬರನ ಆಸ್ಥಾನದಲ್ಲಿ ತಂಪಿಗೆ ಇನ್ನೊಂದು ಉಪಾಯವೂ ಇತ್ತು. ನೀರಿನಲ್ಲಿ ಪೆಟ್ಲುಪ್ಪನ್ನು ಕರಗಿಸಿ, ಕುಡಿಯುವ ನೀರು ತುಂಬಿದ ಬೆಳ್ಳಿಯ ಅಥವಾ ತವರದ ಹೂಜಿಯನ್ನು ಅದರಲ್ಲಿಟ್ಟು ಕಾಲು ಗಂಟೆ ತಿರುಗಿಸಿದರೆ ಹೂಜಿಯ ನೀರು ಕೊರೆಯುವಷ್ಟು ತಣ್ಣಗಾಗುತ್ತಿತ್ತು. ತುಪಾಕಿಯ ಮದ್ದಿನಲ್ಲಿ ಬೆಂಕಿಯಾಗುವ ವಸ್ತು ನೀರಿನ ಪಾತ್ರೆಗೆ ಹಿಮವಾಯಿತೆಂದು ಅಬುಲ್ ಫಜಲನಿಗೆ ಅಚ್ಚರಿ. ಆದರೆ ಇದು ಉಪ್ಪು ಕರಗುವಾಗ ಶಾಖವನ್ನು ಹೀರುವ ಗುಣದಿಂದಾದ ತಂಪೇ ಹೊರತು ನೀರು ಆರುವುದರಿಂದಾದ ತಂಪಲ್ಲ. ಒಂದು ಹೂಜಿಗೆ ಒದಗುವ ಈ ಉಪಾಯ ಒಂದು ಡೇರೆಗೆ ಒದಗಲಾರದು. ಆಸ್ಥಾನವು ಲಾಹೋರಿಗೆ ಹೋದ ಮೇಲೆ ಬೆಟ್ಟದ ಹಿಮವೇ ದೊರೆತುದರಿಂದ ಅಲ್ಲಿ ಪೆಟ್ಲುಪ್ಪಿನ ಗೊಡವೆ ತಪ್ಪಿತು.

ಖಸ್‌ಖಾನೆಯನ್ನು ಕಣ್ಣಾರೆ ಕಂಡು ಬರೆದ ಪರದೇಶಿಗಳಲ್ಲಿ ಫ್ರಾನ್ಸಿನ ವೈದ್ಯ ಫ್ರಾಂಸ್ವಾ ಬರ್ನಿಯೇ ಮುಖ್ಯನು. ಔರಂಗಜೇಬನ ಆಳ್ವಿಕೆಯ ಮೊದಲ ವರ್ಷಗಳಲ್ಲಿ ದಿಲ್ಲಿಯಲ್ಲಿ ದಾನಿಶ್‌ಮಂದ್ ಖಾನನೆಂಬ ಅಮೀರನ ಆಶ್ರಯದಲ್ಲಿದ್ದವನು. ದಿಲ್ಲಿಯ ಒಳ್ಳೆಯ ಮನೆಗಳಲ್ಲಿ ಹೂದೋಟದ ನಡುವೆ ಪರಿಮಳದ ಬೇರಿನಿಂದ ಮಾಡಿದ ಚಿಕ್ಕ ಮನೆಗಳಿರುತ್ತಿದ್ದುವೆಂದು ಅವನು ಬರೆಯುತ್ತಾನೆ. ಅವುಗಳನ್ನು ಕೊಳದ ಹತ್ತಿರವೇ ಕಟ್ಟುತ್ತಿದ್ದರಂತೆ. ಏಕೆಂದರೆ ಸೇವಕರು ತೊಗಲಿನ ಚೀಲಗಳಲ್ಲಿ ನೀರು ತಂದು ಹೊರಗಿನಿಂದ ತೋಯಿಸಲು ಅದು ಅನುಕೂಲ. ವಾಚಕರು 'ಹೊರಗಿನಿಂದ' ಎಂಬ ಶಬ್ದವನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಬರ್ನಿಯೇನ ಇನ್ನೊಂದು ವರ್ಣನೆ ನಮಗೆ ಇದಕ್ಕಿಂತಲೂ ಬೆಲೆಯುಳ್ಳದ್ದೆಂದು ತೋರುತ್ತದೆ. ಕಾಶ್ಮೀರದ ಪಯಣದಲ್ಲಿ ಬಿಸಿಲಿಗೆ ಅವನ ಮೈಯೆಲ್ಲ ಸೂಜಿ ಚುಚ್ಚಿದಂತೆ ಉರಿಯುವ ಕೆಂಪು ಬೆವರುಸಾಲೆಯಿಂದ ತುಂಬಿಹೋಗಿತ್ತು. ಆ ಸ್ಥಿತಿಯಲ್ಲಿಯೂ ಅವನು ಕುಡಿಯುವ ನೀರಿನ ಪಾತ್ರೆಯನ್ನು ಗಮನಿಸುವುದನ್ನು ಬಿಡಲಿಲ್ಲ. ತವರದ ಸುರಾಹಿಗೆ ಬಟ್ಟೆ ಸುತ್ತಿ, ಆ ಬಟ್ಟೆಯನ್ನು ಸದಾ ಒದ್ದೆಯಾಗಿರಿಸುತ್ತಿದ್ದರು. ಅದನ್ನು ಹಿಡಿದ ಆಳು ನಡೆಯುತ್ತಲೇ ಇರಬೇಕು. ನಿಂತರೆ ಅದನ್ನು ಮೂರು ಕೋಲುಗಳ ಮೇಲೆ ನೆಲ ಮುಟ್ಟದಂತೆ ಗಾಳಿಗೆ ಇಡಬೇಕು. ಬಟ್ಟೆಯ ತೇವ ಮತ್ತು ಗಾಳಿಯ ಚಲನೆ ಇವೆರಡೂ ಬೇಕೇ ಬೇಕು, ಒಂದಿದ್ದು ಇನ್ನೊಂದಿಲ್ಲದಿದ್ದರೆ ನೀರು ತಣಿಯದು ಎಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಕಾರಣವನ್ನು ಮಾತ್ರ ತಪ್ಪಾಗಿ ಊಹಿಸಿದನು. ಒದ್ದೆ ಬಟ್ಟೆಯು ಗಾಳಿಯಲ್ಲಿರುವ ಅಗ್ನಿಕಣಗಳನ್ನು ತಡೆದು ಬೇರೆ ಬಗೆಯ ಕಣಗಳನ್ನು ಒಳಗೆ ಬಿಡುತ್ತದೆಂಬುದು ಅವನ ಕಲ್ಪನೆ. ಪ್ಯಾರಿಸಿನಲ್ಲಿ ಗಾಸೆಂದಿಯಂಥ ತತ್ತ್ವಜ್ಞಾನಿಯ ಶಿಷ್ಯನಾಗಿದ್ದ ಪಂಡಿತನಿಗೆ ಕಾರಣ ತಿಳಿಯಲಿಲ್ಲ. ಸುರಾಹಿ ಹಿಡಿದು ಬಿಸಿಲಲ್ಲಿ ನಡೆಯುತ್ತಿದ್ದ ಆಳಿಗೆ ಕಾರ್ಯ ತಿಳಿದಿತ್ತು.

ಕಾರಣ ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಕಲೆನ್ ದ್ರವಗಳು ಆರುವಾಗ ಹುಟ್ಟುವ ಶೈತ್ಯವನ್ನು ಕುರಿತ ತನ್ನ ಪ್ರಬಂಧವನ್ನು 1756ರಲ್ಲಿ ಪ್ರಕಟಿಸಿದನು. 1758ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾನ್ ಹ್ಯಾಡ್ಲಿಯೊಡನೆ ಉಷ್ಣಮಾಪಕದ ಗೋಲಕ್ಕೆ ಈಥರ್ ಸವರಿ ತಿದಿಯಿಂದ ಗಾಳಿ ಊದಿ, ಮತ್ತೆ ಸವರಿ ಮತ್ತೆ ಊದಿ, ಸುಮಾರು 18 ಡಿಗ್ರಿ ಸೆಲ್ಸಿಯಸ್ ಇದ್ದುದನ್ನು ಸೊನ್ನೆಗಿಂತ 14 ಡಿಗ್ರಿ ಕೆಳಕ್ಕೆ ಇಳಿಸಿದನು. ಬೇಸಗೆಯ ದಿನದಲ್ಲಿಯೂ ಒಬ್ಬ ಮನುಷ್ಯನನ್ನು ಹೀಗೆ ಹೆಪ್ಪುಗಟ್ಟಿಸಿ ಕೊಲ್ಲಬಹುದೆಂದು ಅವನಿಗೆ ಹೊಳೆಯಿತು. ಕೆಲವೇ ವರ್ಷಗಳಲ್ಲಿ ಕಲೆನ್ನನ ಶಿಷ್ಯ ಜೋಸೆಫ್ ಬ್ಲ್ಯಾಕ್ ಸುಪ್ತೋಷ್ಣದ ತತ್ತ್ವವನ್ನು ಬೋಧಿಸತೊಡಗಿದನು.

ತತ್ತ್ವವು ಕಷ್ಟದ್ದೇನಲ್ಲ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲೊರಿ ಶಾಖ ಸಾಕು. ಅದೇ ಒಂದು ಗ್ರಾಂ ನೀರು ಬೇಸಗೆಯ ಗಾಳಿಯಲ್ಲಿ ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಬೇಕು. ಆ ಶಾಖವನ್ನು ಅದು ತಾನು ತಗುಲಿಕೊಂಡಿರುವ ವಸ್ತುವಿನಿಂದ, ತನ್ನನ್ನು ಸೋಕುವ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಲಾವಂಚದ ಬೇರಿನ ಸಾವಿರಾರು ಎಳೆಗಳ ಮೇಲೆ ತೆಳುವಾಗಿ ಹರಡಿದ ನೀರಿನ ನಡುವೆ ಬಿಸಿಗಾಳಿ ನುಸುಳಿ ಬರುವಾಗ ತನ್ನ ಶಾಖವನ್ನು ನೀರಿಗೆ ಒಪ್ಪಿಸಿ ತಾನು ತಣ್ಣಗಾಗಿ ಒಳಗೆ ಬರುತ್ತದೆ. ಆದರೆ ಗಾಳಿಗೂ ಒಂದು ಮಿತಿಯುಂಟು. ಹಿಡಿಸುವಷ್ಟು ತೇವವನ್ನು ಆಗಲೇ ಹೊತ್ತಿರುವ ಗಾಳಿ ಇನ್ನಷ್ಟನ್ನು ತೆಗೆದುಕೊಳ್ಳದು. ಉಷ್ಣತೆ 40 ಡಿಗ್ರಿ, ಆರ್ದ್ರತೆ ಶೇಕಡ 20 ಇರುವ ಗಾಳಿಯನ್ನು ನೀರಿನಿಂದ 23 ಡಿಗ್ರಿಯ ಸಮೀಪದವರೆಗೂ ಇಳಿಸಲು ಸಾಧ್ಯ. ವ್ಯವಹಾರದಲ್ಲಿ ಒಳ್ಳೆಯ ತಟ್ಟಿಯಿಂದ 27-28 ಡಿಗ್ರಿ ದೊರೆಯಬಹುದು. ಉಷ್ಣತೆ 35, ಆರ್ದ್ರತೆ ಶೇಕಡ 70 ಇದ್ದರೆ ಎಷ್ಟೇ ನೀರು ಸುರಿದರೂ 30ಕ್ಕಿಂತ ಕೆಳಗಿಳಿಯದು. ಕಲಬುರಗಿ ರಾಯಚೂರುಗಳ ಏಪ್ರಿಲ್ ಮಧ್ಯಾಹ್ನ ಮೊದಲನೆಯ ಬಗೆಯದು, ಮಂಗಳೂರಿನದು ಎರಡನೆಯದು.

ನಮ್ಮ ಚಪ್ಪರದಲ್ಲಾದ ತಪ್ಪು ಈಗ ನಿಮಗೂ ಹೊಳೆದಿರಬೇಕು. ನಾವು ರಾಯಚೂರು ಸೀಮೆಯಂಥ ಒಣಗಾಳಿಯ ನಾಡಿನಲ್ಲಿದ್ದುಕೊಂಡು ನಾಲ್ಕೂ ಕಡೆ ಗಾಳಿಯನ್ನು ಕಟ್ಟಿ, ಒಳಗೆ ನೀರು ಹೊಡೆದು, ಐದುನೂರು ಜನರ ಉಸಿರನ್ನೂ ಅನ್ನದ ಹಬೆಯನ್ನೂ ಸೇರಿಸಿ, ಅಲ್ಲಿಯೇ ಒಂದು ಮಂಗಳೂರನ್ನು ನಿರ್ಮಿಸಿದ್ದೆವು. ಮನುಷ್ಯನ ಮೈಯೂ ಒಂದು ಲಾವಂಚದ ತಟ್ಟಿಯೇ. ಬೆವರು ಆರಿದರೆ ಮೈ ತಣಿಯುತ್ತದೆ. ಸುತ್ತಲಿನ ಗಾಳಿ ತೇವದಿಂದ ತುಂಬಿದರೆ ಬೆವರು ಇಳಿಯುತ್ತದೆಯೇ ಹೊರತು ಆರುವುದಿಲ್ಲ. ಆ ತಾಯಿಯ ಮೈಗೆ ಆದುದು ಅದೇ. ಖಸ್‌ಖಾನೆಯಲ್ಲಿ ನೀರು ಹೊರಮೈಗೆ ಬೀಳುತ್ತಿತ್ತು, ಗಾಳಿ ಹಾಯ್ದು ಬಂದು ಹಾಯ್ದು ಹೋಗುತ್ತಿತ್ತು.

ಇನ್ನು ಲೆಕ್ಕದ ಮಾತು. ಇದನ್ನು ನಾವು ಒಂದು ಸಂಜೆ ಕಾಗದದ ಮೇಲೆ ಹಾಕಿ ನೋಡಿದಾಗಲೇ ಇತಿಹಾಸದ ಆ ಪುಟಗಳು ಬೇರೆಯಾಗಿ ಕಾಣಿಸಿದುದು. ಒಂದು ಮೀಟರು ಅಗಲ, ಎರಡು ಮೀಟರು ಎತ್ತರದ ಒಂದೇ ಬಾಗಿಲಿಗೆ ತಟ್ಟಿ ಕಟ್ಟಿದೆವೆನ್ನೋಣ. ಗಾಳಿ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಮೆಲ್ಲಗೆ ಒಳಗೆ ಬರುತ್ತಿದೆ ಎನ್ನೋಣ. ಆ ಗಾಳಿಯನ್ನು 12 ಡಿಗ್ರಿ ತಣಿಸಬೇಕಾದರೆ ಗಂಟೆಗೆ ಸುಮಾರು 20 ಲೀಟರು ನೀರು ಆವಿಯಾಗಿ ಹೋಗಬೇಕು. ಬೆಳಗಿನ ಹನ್ನೊಂದರಿಂದ ಸಂಜೆಯ ಐದರವರೆಗೆ 120 ಲೀಟರು. ನೆಲಕ್ಕೆ ಸೋರಿಹೋಗುವುದು ಬೇರೆ. ಆಡಿನ ತೊಗಲಿನ ಒಂದು ಮಶಕದಲ್ಲಿ ಹಿಡಿಸುವುದು ಸುಮಾರು 30 ಲೀಟರು. ಎಂದರೆ ಒಂದು ಬಾಗಿಲಿನ ಒಂದು ದಿನದ ತಂಪಿಗೆ ನಾಲ್ಕೈದು ಮಶಕ ನೀರು. ಡೇರೆಗೆ ಬಾಗಿಲು ಒಂದಲ್ಲ, ಪಾಳೆಯಕ್ಕೆ ಡೇರೆ ಒಂದಲ್ಲ, ಬೇಸಗೆಗೆ ದಿನ ಒಂದಲ್ಲ. ನೀರನ್ನು ಕೆರೆಯಿಂದಲೋ ಹೊಳೆಯಿಂದಲೋ ಬೆನ್ನ ಮೇಲೆ ಹೊತ್ತು ತರಬೇಕು. ಅದೂ ಯಾವ ಹೊತ್ತಿನಲ್ಲಿ? ಒಳಗಿನವರು ಬಿಸಿಲಿಗೆ ಹೆದರಿ ಡೇರೆ ಸೇರುವ ಹೊತ್ತಿನಲ್ಲಿ. ತಟ್ಟಿ ಒಣಗಿದರೆ ಅದು ಬರಿಯ ಹುಲ್ಲು. ಆದುದರಿಂದ ನೀರು ಹಾಕುವವನು ಕೂಡುವಂತಿಲ್ಲ.

ಇವರನ್ನು ಸಖ್ಖಾ ಎಂದೂ ಭಿಸ್ತಿ ಎಂದೂ ಕರೆಯುತ್ತಿದ್ದರು. ಭಿಸ್ತಿ ಎಂಬುದು ಪಾರಸಿಯ 'ಬಿಹಿಶ್ತ್', ಅಂದರೆ ಸ್ವರ್ಗ ಎಂಬ ಶಬ್ದದಿಂದ ಬಂದುದೆನ್ನುತ್ತಾರೆ. ನೀರು ಕೊಟ್ಟವನು ಸ್ವರ್ಗದವನು. ನಮ್ಮ ವಿಜಯಪುರ, ಕಲಬುರಗಿಯ ಕಡೆ ತೊಗಲಚೀಲದಲ್ಲಿ ನೀರು ಹೊರುತ್ತಿದ್ದವರನ್ನು ಪಖಾಲಿಗಳೆಂದು ಕರೆಯುವುದು ಹಿರಿಯರಿಗೆ ನೆನಪಿದ್ದೀತು. ಹೆಸರೇನೋ ಸ್ವರ್ಗದ್ದು. ಐನ್-ಇ-ಅಕ್ಬರಿಯು ಪಾಳೆಯದ ಕೆಲಸಗಾರರ ಪಟ್ಟಿ ಕೊಡುವಾಗ ಸಾವಿರ ಫರಾಶರು, 500 ಹಾರೆಯಾಳುಗಳು, 100 ನೀರು ಹೊರುವವರು, 30 ಚರ್ಮದ ಕೆಲಸದವರು, 150 ಕಸಗುಡಿಸುವವರು ಎಂದು ಎಣಿಸಿ, ಆ ಆಳುಗಳ ತಿಂಗಳ ಸಂಬಳ 240ರಿಂದ 130 ದಾಮುಗಳೆಂದು ಹೇಳಿ ಮುಂದೆ ಸಾಗುತ್ತದೆ. 40 ದಾಮಿಗೆ ಒಂದು ರೂಪಾಯಿ. ಕೆಳಗಿನವನಿಗೆ ತಿಂಗಳಿಗೆ ಮೂರೂಕಾಲು ರೂಪಾಯಿ ದೊರೆಯಿತೆಂದಾಯಿತು. ಅಬುಲ್ ಫಜಲನನ್ನು ನಾವು ದೂಷಿಸುವುದಿಲ್ಲ, ಅವನಾದರೂ ಎಣಿಸಿದನು. ಅವನ ನಂತರದ ಎಷ್ಟೋ ಇತಿಹಾಸಕಾರರು ಖಸ್‌ಖಾನೆಯ ಪರಿಮಳವನ್ನು ಹೊಗಳಿದರೇ ಹೊರತು ಎಣಿಸುವುದನ್ನೂ ಮಾಡಲಿಲ್ಲ. ವಿದ್ಯಾರ್ಥಿಯಾಗಿದ್ದಾಗ ನಾವೂ ಆ ಪಟ್ಟಿಯನ್ನು ಹಾರಿಸಿಕೊಂಡೇ ಓದಿದ್ದೆವು.

ಮೊಗಲರ ಇತಿಹಾಸದಲ್ಲಿ ಹೆಸರು ಉಳಿಸಿಕೊಂಡ ನೀರು ಹೊರುವವನು ಒಬ್ಬನುಂಟು, ಅವನು ನಿಜಾಮ. 1539ರಲ್ಲಿ ಚೌಸಾ ಎಂಬಲ್ಲಿ ಶೇರ್ ಖಾನನಿಗೆ ಸೋತ ಹುಮಾಯೂನನು ಗಂಗೆಯಲ್ಲಿ ಮುಳುಗುತ್ತಿದ್ದಾಗ ಗಾಳಿ ತುಂಬಿದ ತನ್ನ ಮಶಕವನ್ನು ಕೊಟ್ಟು ದಡ ಸೇರಿಸಿದವನು. ಕೃತಜ್ಞನಾದ ದೊರೆ ಅವನನ್ನು ಸಿಂಹಾಸನದ ಮೇಲೆ ಕೂರಿಸಿದನು. ಎರಡು ದಿನವೆಂದು ಹುಮಾಯೂನನ ತಂಗಿ ಗುಲ್‌ಬದನ್ ಬೇಗಂ ಬರೆದಿದ್ದಾಳೆ, ಅರ್ಧ ದಿನವೆಂದು ಅಬುಲ್ ಫಜಲ್. ತಮ್ಮಂದಿರಿಗೆ ಇದು ಸರಿಬರಲಿಲ್ಲ. ಆ ಮಶಕದಲ್ಲಿ ನಿಜಾಮನು ಜೀವಮಾನವೆಲ್ಲ ನೀರು ಹೊತ್ತಿದ್ದರೂ ಅವನ ಹೆಸರು ಬರೆಹಕ್ಕೆ ಬಂದುದು ಅದರಲ್ಲಿ ನೀರಿಲ್ಲದಿದ್ದ ಒಂದು ದಿನ.

ಇಂಗ್ಲಿಷರು ಬಂದಾಗ ಈ ತಟ್ಟಿಯನ್ನು ಹೆಸರುಸಹಿತ ಸ್ವೀಕರಿಸಿದರು. 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿ ಆ ಶಬ್ದ ಸೇರಿದೆ. ಅಲಹಾಬಾದು, ಕಾನಪುರ, ದಿಲ್ಲಿಗಳ ದಂಡಿನ ಬಂಗಲೆಗಳಲ್ಲಿಯೂ ಅಧಿಕಾರಿಗಳ ಡೇರೆಗಳಲ್ಲಿಯೂ ಏಪ್ರಿಲ್‌ನಿಂದ ಮಳೆಯವರೆಗೆ ಪಡುವಣ ದಿಕ್ಕಿಗೆ ತಟ್ಟಿ ಕಟ್ಟುತ್ತಿದ್ದರು. ಪಡುವಣವೇ ಏಕೆಂದರೆ ಆ ಸೀಮೆಯಲ್ಲಿ 'ಲೂ' ಎಂಬ ಬೆಂಕಿಯಂಥ ಒಣಗಾಳಿ ಬೀಸುವುದು ಆ ಕಡೆಯಿಂದ. ಜನರನ್ನು ಕೊಲ್ಲುವ ಗಾಳಿಯೇ ತಟ್ಟಿಗೆ ಜೀವ. ಅದು ಎಷ್ಟು ಬಿಸಿಯಾಗಿ, ಎಷ್ಟು ಒಣಗಿ ಬೀಸಿದರೆ ಒಳಗೆ ಅಷ್ಟು ತಂಪು. ಮೂಡಣ ಗಾಳಿ ತೇವ ಹೊತ್ತು ಬಂದ ದಿನ, ಅಥವಾ ಗಾಳಿಯೇ ನಿಂತ ದಿನ, ಮಶಕಗಟ್ಟಲೆ ನೀರು ಸುರಿದರೂ ಪ್ರಯೋಜನವಿಲ್ಲ. ಕಲ್ಕತ್ತೆಯ ತೇವದ ಹವೆಯಲ್ಲಿಯಂತೂ ಈ ವಿದ್ಯೆ ನಡೆಯುವಂತಿರಲಿಲ್ಲ.

ಗಾಳಿ ನಿಂತ ದಿನದ ತೊಂದರೆಗೆ 1830ರ ದಶಕದ ವೇಳೆಗೆ ಒಂದು ಯಂತ್ರ ಬಂದಿತು. ಅದಕ್ಕೆ ಥರ್ಮ್ಯಾಂಟಿಡೋಟ್, ಅಂದರೆ ಸೆಕೆಗೆ ಮದ್ದು ಎಂಬ ಭಾರಿ ಹೆಸರು. ದೊಡ್ಡ ಮರದ ಪೆಟ್ಟಿಗೆ, ಅದರ ಪಕ್ಕಗಳಲ್ಲಿ ಒದ್ದೆ ತಟ್ಟಿ, ನಡುವೆ ಗಾಳಿ ಬೀಸುವ ಹಲಗೆಗಳ ಚಕ್ರ. ಇಂದು ನಿಮ್ಮ ಮನೆಗಳಲ್ಲಿ ಬೇಸಗೆಗೆ ಹೊರತೆಗೆಯುವ ಕೂಲರು ಇದರ ಮರಿಮಗನೆನ್ನಬಹುದು. ವ್ಯತ್ಯಾಸವಿಷ್ಟೇ: ಕೂಲರಿಗೆ ವಿದ್ಯುತ್ತು, ಥರ್ಮ್ಯಾಂಟಿಡೋಟಿಗೆ ಹೊರಗೆ ಕೂತು ಹಿಡಿಕೆ ತಿರುಗಿಸುವ ಒಬ್ಬ ಕೂಲಿ. ನೀರು ಹಾಕುವವನ ಜೊತೆಗೆ ಗಾಳಿ ತಿರುಗಿಸುವವನೂ ಬಿಸಿಲಿಗೆ ಬಂದನು.

ಹೀಗೆಂದ ಮಾತ್ರಕ್ಕೆ ನೀರಿನ ತಂಪು ಅರಸರ, ಅಧಿಕಾರಿಗಳ ಸೊತ್ತು ಮಾತ್ರವಾಗಿತ್ತೆಂದು ಭಾವಿಸಬಾರದು. ಅದೇ ತತ್ತ್ವದ ಮೇಲೆ ನಿಂತ ಇನ್ನೊಂದು ತಾತ್ಕಾಲಿಕ ಚಪ್ಪರವನ್ನು ಕನ್ನಡಿಗರು ಶತಮಾನಗಳಿಂದ ಬಲ್ಲರು. ಅದು ಅರವಟ್ಟಿಗೆ. ನಮ್ಮ ಶಾಸನಗಳಲ್ಲಿ ಅರವಂಟಿಗೆಗೆ ದತ್ತಿ ಬಿಟ್ಟ ಉಲ್ಲೇಖಗಳಿವೆ. ದಾರಿಯ ಬದಿಗೆ ನಾಲ್ಕು ಗಳು ನೆಟ್ಟು, ಮೇಲೆ ಗರಿಯೋ ತಪ್ಪಲೋ ಹೊದಿಸಿ, ಕೆಳಗೆ ಮರಳು ಹಾಸಿ ತೋಯಿಸಿ, ಅದರ ಮೇಲೆ ಸುಟ್ಟ ಮಣ್ಣಿನ ಕೊಡಗಳನ್ನು ಕೂಡಿಸುವುದು. ಮಣ್ಣಿನ ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆರಿ ಒಳಗಿನ ನೀರನ್ನು ತಣಿಸುತ್ತದೆ. ಪಕ್ಕಗಳನ್ನು ಮುಚ್ಚುವ ಪದ್ಧತಿ ಇಲ್ಲ. ಮುಚ್ಚಿದರೆ ಕೊಡ ತಣಿಯದೆಂಬುದು ಹಾಕುವವರಿಗೆ ಗೊತ್ತು. ಇಲ್ಲಿ ತಂಪಾಗುವುದು ಚಪ್ಪರವಲ್ಲ, ಕೊಡ. ಖರ್ಚಾಗುವ ನೀರು ಬೊಗಸೆಯಷ್ಟು, ತಣಿಯುವ ಬಾಯಿ ನೂರಾರು. ಖಸ್‌ಖಾನೆಗೂ ಅರವಟ್ಟಿಗೆಗೂ ಇರುವ ಈ ಅಂತರವನ್ನು ಇತಿಹಾಸದ ವಿದ್ಯಾರ್ಥಿಗಳು ವಿಚಾರಿಸಿ ನೋಡಬೇಕೆಂದು ನಮ್ಮ ಅಭಿಪ್ರಾಯ.

ನಮ್ಮ ಕಾಲದ ಮಾತಿಗೆ ಬಂದರೆ, ಡೇರೆಯನ್ನು ನೀರಿನಿಂದ ತಣಿಸುವ ವಿದ್ಯೆಯ ಅತಿ ದೊಡ್ಡ ಪ್ರಯೋಗ ನಡೆದಿರುವುದು ಅರಬಸ್ತಾನದಲ್ಲಿ. ಮಕ್ಕೆಯ ಬಳಿಯ ಮಿನಾ ಕಣಿವೆಯಲ್ಲಿ ಹಜ್ ಯಾತ್ರಿಕರು ತಂಗುವ ಬಟ್ಟೆಯ ಡೇರೆಗಳಿಗೆ 1997ರ ಏಪ್ರಿಲ್ 15ರಂದು ಬೆಂಕಿ ತಗುಲಿ 343 ಜನ ಮಡಿದರು. ಅನಂತರ ಬೆಂಕಿ ಹಿಡಿಯದ ಗಾಜಿನ ನೂಲಿನ ಬಟ್ಟೆಯಿಂದ ಡೇರೆಗಳ ನಗರವನ್ನೇ ಕಟ್ಟಿ, ನೀರಿನ ಆವಿಯಿಂದ ಗಾಳಿಯನ್ನು ತಣಿಸುವ ಯಂತ್ರಗಳನ್ನು ಅಳವಡಿಸಿದರು. ಮರುಭೂಮಿಯ ಒಣಗಾಳಿಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುವುದು ಸಹಜವೇ. ಆದರೆ 2024ರ ಜೂನ್ ತಿಂಗಳ ಯಾತ್ರೆಯಲ್ಲಿ ಉಷ್ಣತೆ 50 ಡಿಗ್ರಿಯನ್ನು ಮೀರಿದಾಗ 1,301 ಜನ ತೀರಿಕೊಂಡರು. ಅವರಲ್ಲಿ ನೂರಕ್ಕೆ 83 ಮಂದಿ ಪರವಾನಗಿ ಇಲ್ಲದೆ ಬಂದವರೆಂದೂ, ನೆರಳಿನ ಆಸರೆಯಿಲ್ಲದೆ ಬಿಸಿಲಿನಲ್ಲಿ ಬಹುದೂರ ನಡೆದವರೆಂದೂ ಅಲ್ಲಿಯ ಸರಕಾರವೇ ಪ್ರಕಟಿಸಿತು. ಡೇರೆಯೊಳಗಿನ ತಂಪಿನ ಸುದ್ದಿಯನ್ನು ಓದುವಾಗಲೆಲ್ಲ ಹೊರಗಿದ್ದವರು ಯಾರೆಂದು ಕೇಳುವ ಅಭ್ಯಾಸ ನಮಗೆ ಈಗ ಬಂದುಬಿಟ್ಟಿದೆ.

ನಮ್ಮ ಜಾತ್ರೆಯ ಚಪ್ಪರಕ್ಕೆ ಮರಳೋಣ. ಮರುವರ್ಷ ಮಠದ ಹಳೆಯ ವಿದ್ಯಾರ್ಥಿಗಳ ಸಹಾಯದಿಂದ ಅದನ್ನು ಬೇರೆ ರೀತಿಯಲ್ಲಿ ಕಟ್ಟಿದೆವು. ತಗಡನ್ನು ಪೂರ್ತಿ ತೆಗೆಯಲಾಗಲಿಲ್ಲ. ಅದರ ಮೇಲೆ ಗರಿ ಹೊದಿಸಿ, ಗಳುಗಳನ್ನು ಎತ್ತರಿಸಿದೆವು. ಮೂಡಣ ಪಕ್ಕವನ್ನು ಪೂರ್ಣ ತೆರೆದುಬಿಟ್ಟೆವು. ಗಾಳಿ ಬರುವ ಪಡುವಣ ಪಕ್ಕಕ್ಕೆ ಮಾತ್ರ ಬಿದಿರಿನ ಚೌಕಟ್ಟುಗಳಲ್ಲಿ ಲಾವಂಚ ತುಂಬಿದ ತಟ್ಟಿಗಳನ್ನು ನಿಲ್ಲಿಸಿದೆವು. ತಟ್ಟಿಯ ತಲೆಯ ಮೇಲೆ ತೂತುಗಳುಳ್ಳ ಕೊಳವೆ, ಬುಡದಲ್ಲಿ ಸೋರಿದ ನೀರನ್ನು ಹಿಡಿಯುವ ದೋಣಿ, ಅದನ್ನು ಮತ್ತೆ ಮೇಲಕ್ಕೇರಿಸುವ ಒಂದು ಚಿಕ್ಕ ಪಂಪು. ವಿದ್ಯುತ್ತು ಹೋದಾಗ ಕೈಯಿಂದ ನೀರು ಹಾಕಬೇಕಾಗುತ್ತದೆ. ನಮ್ಮ ಕಡೆ ಅದು ಹೋಗದ ದಿನವಿಲ್ಲ. ಆಗ ಹಾಕುವವರಿಗಾಗಿ ತಟ್ಟಿಯ ಹೊರಗೆ ನಾಲ್ಕು ಗಳುಗಳ ಪ್ರತ್ಯೇಕ ಹಂದರವನ್ನೂ ಕುಡಿಯುವ ನೀರಿನ ಕೊಡವನ್ನೂ ಇಟ್ಟು, ಅರ್ಧ ಗಂಟೆಗೊಮ್ಮೆ ಆಳು ಬದಲಾಗಬೇಕೆಂದು ಗೊತ್ತುಮಾಡಿದೆವು. ಮೊದಲ ದಿನ ಮಧ್ಯಾಹ್ನ ನಾವೂ ಒಂದು ಸರದಿ ನಿಂತೆವು. ಅರ್ಧ ಗಂಟೆ ಎಷ್ಟು ಉದ್ದವೆಂಬುದು ಆಗ ಗೊತ್ತಾಯಿತು.

ಫಲವನ್ನು ಉತ್ಪ್ರೇಕ್ಷಿಸಲಾರೆವು. ತಟ್ಟಿಯಿಂದ ಹತ್ತು ಹನ್ನೆರಡು ಹೆಜ್ಜೆಯವರೆಗೆ ತಂಪು ಚೆನ್ನಾಗಿ ತಿಳಿಯುತ್ತಿತ್ತು. ನಡುಚಪ್ಪರ ದಾಟಿದ ಮೇಲೆ ಗಾಳಿಯಾಡುತ್ತಿದೆ ಎಂಬುದಷ್ಟೇ ಸಮಾಧಾನ. ಆದುದರಿಂದ ವೃದ್ಧರನ್ನೂ ಎಳೆಯ ಮಕ್ಕಳ ತಾಯಂದಿರನ್ನೂ ಪಡುವಣ ಸಾಲಿನಲ್ಲಿ ಕೂಡಿಸುವ ಪದ್ಧತಿ ಮಾಡಿದೆವು. ಗಣ್ಯರ ಕುರ್ಚಿಗಳು ಮೂಡಣಕ್ಕೆ ಹೋದವು. ಕೆಲವರು ಮುಖ ಸಿಂಡರಿಸಿದರೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಠದ ಬಾವಿಯಲ್ಲಿ ನೀರು ತಳ ಕಂಡ ಒಂದು ವರ್ಷ ತಟ್ಟಿಗಳನ್ನು ಕಟ್ಟಲೇ ಇಲ್ಲ. ಕುಡಿಯುವ ನೀರನ್ನು ಟ್ಯಾಂಕರಿನಲ್ಲಿ ತರಿಸುತ್ತಿರುವಾಗ ಗಾಳಿಗೆ ನೀರುಣಿಸುವುದು ಯೋಗ್ಯವೆನಿಸಲಿಲ್ಲ. ಗರಿಯ ಹೊದಿಕೆ, ಎತ್ತರದ ಗಳು, ತೆರೆದ ಪಕ್ಕಗಳಿಂದಲೇ ಆ ವರ್ಷ ಕಳೆಯಿತು.

ತಮ್ಮ ಊರುಗಳಲ್ಲಿ ಹೀಗೆ ಮಾಡಬಯಸುವವರಿಗೆ ಎರಡು ಸೂಚನೆಗಳು. ಲಾವಂಚವನ್ನು ತೀರ ಒತ್ತಾಗಿ ತುಂಬಬೇಡಿರಿ. ಬೆಳಕಿಗೆ ಹಿಡಿದರೆ ಎಳೆಗಳ ನಡುವೆ ಬೆಳಕು ಮಿನುಗಬೇಕು, ಇಲ್ಲವಾದರೆ ಗಾಳಿ ಹಾಯದು. ಜಾತ್ರೆ ಮುಗಿದ ಕೂಡಲೇ ತಟ್ಟಿಗಳನ್ನು ನೆರಳಿನಲ್ಲಿ ಪೂರ್ಣ ಒಣಗಿಸಿ ಅಟ್ಟಕ್ಕೆ ಸೇರಿಸಬೇಕು. ಒದ್ದೆಯಾಗಿಯೇ ಮಡಚಿಟ್ಟರೆ ಬೂಷ್ಟು ಹಿಡಿದು ಮರುವರ್ಷ ಪರಿಮಳದ ಬದಲು ಮುಗ್ಗಲು ವಾಸನೆ ಬರುತ್ತದೆ. ಕಟ್ಟಿದ ರೀತಿಯನ್ನು ಕಣ್ಣಾರೆ ನೋಡಬೇಕೆನ್ನುವವರು ಮೃಗಶಿರಾ ಮಳೆ ಕೂಡುವುದಕ್ಕೆ ಮುಂಚೆ ಮಠಕ್ಕೆ ಬಂದರೆ ತಟ್ಟಿಗಳು ನಿಂತಲ್ಲಿಯೇ ಕಾಣಸಿಗುತ್ತವೆ.